ತೊಳೆದು ಬಂದ ಡಬ್ಬಿ

ಮೊನ್ನೆ ಸಂಜೆ ಮಗಳ ಬ್ಯಾಗಿನಿಂದ ಊಟದ ಡಬ್ಬಿ ತೆಗೆದೆ. ತೊಳೆದಿತ್ತು. ಒಂಬತ್ತನೇ ತರಗತಿಯ ಹುಡುಗಿ, ತಾನು ಕುಡಿದ ಲೋಟವನ್ನೂ ಸಿಂಕಿಗೆ ಹಾಕದವಳು, ಶಾಲೆಯ ನಲ್ಲಿಯಲ್ಲಿ ಡಬ್ಬಿ ತೊಳೆದು ತಂದಿದ್ದಳು. ಮುಚ್ಚಳ ಮೂಸಿದೆ. ಪಲ್ಯದ ವಾಸನೆಯಿಲ್ಲ, ಒದ್ದೆ ಸ್ಟೀಲಿನದಷ್ಟೇ... ಹರಿಹರದ ನಮ್ಮ ಅಡುಗೆಮನೆಯಲ್ಲಿ ನಿಂತಲ್ಲೇ ಬುತ್ತಿಯಮ್ಮ ನೆನಪಾದಳು.

ನನ್ನ ತವರು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆ. ಅಲ್ಲಿನ ಏಳೆಂಟು ಮನೆಗಳ ಕ್ಯಾರಿಯರ್‌ಗಳನ್ನು ಬುಟ್ಟಿಯಲ್ಲಿ ಹೊತ್ತು ಮಧ್ಯಾಹ್ನ ನಮ್ಮ ಕಾನ್ವೆಂಟಿಗೆ ತರುತ್ತಿದ್ದವಳು ಆಕೆ. ಊರಾಚೆಯ ಬಾತಿ ಹಳ್ಳಿಯಿಂದ ಬರುತ್ತಿದ್ದಳು. ಹೆಸರು ಯಾರೂ ಕೇಳಿರಲಿಲ್ಲ. ಯಾವುದು ಯಾರದೆಂದು ತಿಳಿಯಲು ಹಿಡಿಕೆಗಳಿಗೆ ಬಣ್ಣದ ದಾರ ಕಟ್ಟಿದ್ದಳು. ನನ್ನದು ಹಸಿರು.

ಅದರಲ್ಲಿ ದಿನವೂ ಎರಡು ಜೋಳದ ರೊಟ್ಟಿ, ಪಲ್ಯ, ಮೊಸರನ್ನ, ರೊಟ್ಟಿಯ ಮೇಲೊಂದು ಬೆಣ್ಣೆಯ ಮುದ್ದೆ. ಹದಿನಾಲ್ಕರ ನಾನು ದುಂಡಗಿದ್ದೆ. ಕ್ರೀಡಾ ದಿನದ ಡ್ರಿಲ್ಲಿಗೆ ಬಿಳಿ ಸ್ಕರ್ಟ್ ಹಂಚಿದಾಗ ನನ್ನದರ ಹುಕ್ ಕೂಡಲಿಲ್ಲ. ಟೀಚರ್ ಪಿನ್ನು ಚುಚ್ಚಿ ಕೊನೆಯ ಸಾಲಿಗೆ ಕಳಿಸಿದರು.

"ಏ ಬೆಣ್ಣಿ ಮುದ್ದಿ, ಬಿಸ್ಲೈತಲೇ, ಕರಗಿಗಿರಗೀಯ!" ಎಂದು ಮುಂದಿನ ಸಾಲಿನವಳೊಬ್ಬಳು ಕೂಗಿದಳು. ಟೀಚರ್ ನಕ್ಕರು. ನಾನೂ ನಕ್ಕೆ.

ಮರುದಿನದಿಂದ ಊಟ ಬಿಟ್ಟೆ. ಮೈದಾನದಲ್ಲಿ ಎಲ್ಲರಿಗಿಂತ ಎರಡು ಸುತ್ತು ಹೆಚ್ಚು ಓಡಿದೆ. ಕಾಂಪೌಂಡಿನಾಚೆ ರೊಟ್ಟಿ ಎಸೆಯಲು ಹೋದಾಗ ಬುತ್ತಿಯಮ್ಮ ಕೈ ಹಿಡಿದಳು.

"ಅಯ್ಯ ನಮ್ಮವ್ವ, ಚೆಲ್ತಾರೇನು? ಯಾಕ, ಹುಷಾರಿಲ್ಲೇನು?"

"ದಪ್ಪ ಆಗೀನಿ, ನಂಗೆ ಬ್ಯಾಡ. ನೀನೇ ತಿನ್ನು. ಅಮ್ಮಂಗೆ ಹೇಳಬ್ಯಾಡ, ನನ್ನಾಣೆ!"

"ಇದಾ ದಪ್ಪ? ಬೆಳಿಯೋ ಮೈ ಐತವ್ವ. ಅರ್ಧನಾರ ತಿನ್ನು, ಆಮ್ಯಾಲೆ ಇಸ್ಕಂತೀನಿ."

ಅಂದಿನಿಂದ ದಿನವೂ ಬೇವಿನ ಮರದ ಕೆಳಗೆ ಇದೇ ಚೌಕಾಶಿ. ಅರ್ಧ ರೊಟ್ಟಿ ನನ್ನ ಗಂಟಲಿಗಿಳಿಯುವ ತನಕ ಆಕೆ ಉಳಿದದ್ದನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಬಟ್ಟೆಯಲ್ಲಿ ಕಟ್ಟಿಕೊಂಡು, ಕ್ಯಾರಿಯರ್ ತಿಕ್ಕಿ ತೊಳೆದಿಡುತ್ತಿದ್ದಳು. ಶಾಲೆಯಲ್ಲೇ ಹೊಟ್ಟೆ ತುಂಬಿತೆಂದು ಮನೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ; ಆ ದಿನಗಳಲ್ಲಿ ನಾನು ಉಂಡದ್ದು ಹೆಚ್ಚುಕಡಿಮೆ ಅಷ್ಟೇ...

ಕ್ರೀಡಾ ದಿನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮೈದಾನದಲ್ಲೇ ತಲೆ ತಿರುಗಿ ಬಿದ್ದೆ. ಮನೆಗೆ ಬಂದ ಡಾಕ್ಟರು, "ಹುಡುಗಿ ಊಟಾನೇ ಮಾಡ್ತಿಲ್ಲವಲ್ರಿ" ಎಂದರು. ದಿನಾ ಖಾಲಿ ಬರುವ ಕ್ಯಾರಿಯರ್ ಅಮ್ಮನಿಗೆ ನೆನಪಾಯಿತು. ಅದು ತೊಳೆದು ಬರುವುದೂ. ಸಂಜೆ ಬುತ್ತಿಯಮ್ಮ ಬರುವುದನ್ನೇ ಕಾದು ಮೆಟ್ಟಿಲ ಮೇಲೆ ನಿಂತಳು.

"ತೊಳಕೊಂಡು ಬಾ ಅಂತ ನಿಂಗ್ಯಾರು ಹೇಳಿದ್ರು? ನನ್ನ ಮಗಳ ಬಾಯಿಗೆ ಹೋಗೋದನ್ನ ನೀ ತಿಂತೀಯೇನು?"

ಬುಟ್ಟಿಯಲ್ಲಿ ಬಟ್ಟೆಯ ಗಂಟಿತ್ತು. ಅಮ್ಮ ಬಿಚ್ಚಿದಳು. ನಮ್ಮ ಮನೆಯದೇ ರೊಟ್ಟಿ. ಅಕ್ಕಪಕ್ಕದವರು ಗೇಟಿಗೆ ಬಂದರು.

ಬುತ್ತಿಯಮ್ಮ ಬಾಗಿಲಲ್ಲಿದ್ದ ನನ್ನ ಕಡೆ ನೋಡಿದಳು. ನಾನು ಪರದೆಯ ಅಂಚಿನ ದಾರ ಎಳೆಯುತ್ತಿದ್ದೆ.

"ಹೌದ್ರಿ ಅಮ್ಮಾರೆ. ತಿಂದೀನಿ."

ಅಷ್ಟೇ ಹೇಳಿದಳು. ಆ ವಾರವೇ ಎಲ್ಲ ಮನೆಗಳೂ ಆಕೆಯನ್ನು ಬಿಡಿಸಿದವು. ಅಮ್ಮ ಕ್ಯಾರಿಯರನ್ನು ಹಳೆ ಪಾತ್ರೆಯವನಿಗೆ ಹಾಕಿದಳು, ಹಸಿರು ದಾರದ ಸಮೇತ. ಮದುವೆಯಾದ ಮೇಲೆ ಒಮ್ಮೆ ಬಾತಿಗೆ ಹೋಗಿ ವಿಚಾರಿಸಿದೆ. "ಹೆಸರೇನ್ರಿ?" ಎಂದರು.

ಮೊನ್ನೆ ಡಬ್ಬಿ ಹಿಡಿದುಕೊಂಡೇ ಮಗಳ ಪಕ್ಕ ಕೂತೆ. "ಶಾಲೆಯಲ್ಲಿ ನಿನಗೆ ಏನಂತ ಕರೀತಾರೆ?" ಎಂದು ಕೇಳಿದೆ. ಕಣ್ಣು ತುಂಬಿಕೊಂಡಳು. ನನ್ನ ಕಥೆ ಪೂರ್ತಿ ಹೇಳಿದೆ, ಗಂಡನಿಗೂ ಹೇಳದ್ದನ್ನು.

"ಅಜ್ಜಿಗೆ ಗೊತ್ತಾ?" ಎಂದಳು.

ವಾರದಿಂದ ನಮ್ಮಲ್ಲೇ ಇರುವ ಅಮ್ಮ ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮದುವೆ ಮನೆಗಳಲ್ಲಿ ಈಗಲೂ ಆ "ಕಳ್ಳಿ"ಯ ಕಥೆ ಹೇಳಿ ನಗಿಸುತ್ತಾಳೆ. ಹೋಗಿ ಎದುರು ಕೂತೆ.

"ಅಮ್ಮ, ಬುತ್ತಿಯಮ್ಮ ಕದ್ದಿರ್ಲಿಲ್ಲ. ನಾನೇ ಕೊಟ್ಟಿದ್ದೆ."

ಅಮ್ಮನ ಕೈ ನಿಂತಿತು. "ಆವತ್ತೇ ಹೇಳಿದ್ರೆ ನಾನೇನು ಹೊಡೀತಿದ್ನೇನೆ?" ಎಂದಳು.

ಇಲ್ಲ, ಹೊಡೆಯುತ್ತಿರಲಿಲ್ಲ. ಅದು ನನಗೆ ಆವತ್ತೂ ಗೊತ್ತಿತ್ತು. ಹೇಳಿದ್ದರೆ ಮತ್ತೆ ಅಮ್ಮನ ಕಣ್ಣೆದುರು ರೊಟ್ಟಿ ತಿನ್ನಬೇಕಾಗುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದೆ...