ಕಾಲ ಕೆಳಗಿನ ಹಡಗು

ಹಡಗಿನಿಂದ ಇಳಿದ ಬೆಳಿಗ್ಗೆ ಬ್ರಿಸ್ಬೇನ್ ಬಂದರಿನಲ್ಲಿ ಗ್ಲೆನಿಸ್ ಟ್ರೆಂಬಾತ್‌ಗೆ ಏನೂ ಗೊತ್ತಾಗಿರಲಿಲ್ಲ. ಒಂದೇ ಬಣ್ಣದ ಸೂಟ್‌ಕೇಸುಗಳ ರಾಶಿಯಲ್ಲಿ ತಮ್ಮವನ್ನು ಹುಡುಕುವುದು, ಮೊಮ್ಮಗಳು ಟಿಲ್ಲಿ ದ್ವೀಪಗಳಲ್ಲಿ ಹೆಕ್ಕಿದ್ದ ಚಿಪ್ಪುಗಳನ್ನು ತಪಾಸಣೆಯವರೆದುರು ಬಿಚ್ಚಿ ತೋರಿಸುವುದು, ಅಳಿಯ ವೇಡ್ ಬಾಡಿಗೆ ಕಾರು ತರುವವರೆಗೆ ಬಿಸಿಲಲ್ಲಿ ಕಾಯುವುದು, ಇವುಗಳ ನಡುವೆ ತನ್ನ ಮೈಯ ಕಡೆ ಗಮನ ಕೊಡಲು ಆಕೆಗೆ ಪುರುಸೊತ್ತಿರಲಿಲ್ಲ. ಗೋಲ್ಡ್ ಕೋಸ್ಟಿನ ರೆಸಾರ್ಟಿಗೆ ಬಂದು, ಕೋಣೆಯ ಕೀಲಿಗಾಗಿ ಸ್ವಾಗತದ ಮೇಜಿನ ಮುಂದೆ ನಿಂತಾಗ ಅದು ಮೊದಲು ತಿಳಿಯಿತು. ಕಾಲ ಕೆಳಗಿನ ಹೊಳೆಯುವ ಕಲ್ಲುಹಾಸು ಮೆಲ್ಲಗೆ ಒಂದು ಪಕ್ಕಕ್ಕೆ ಏರಿತು. ಅಷ್ಟೇ ಮೆಲ್ಲಗೆ ಇಳಿಯಿತು.

ಆಕೆ ಮೇಜಿನ ಅಂಚನ್ನು ಹಿಡಿದುಕೊಂಡಳು. ಹಿಡಿದುಕೊಂಡದ್ದು ಕಾಣಬಾರದೆಂದು, ಅಲ್ಲಿ ಹರಡಿದ್ದ ಥೀಮ್ ಪಾರ್ಕಿನ ನಕ್ಷೆಯನ್ನು ಓದುವವಳಂತೆ ಬಗ್ಗಿದಳು. ಪಕ್ಕದಲ್ಲೇ ಮಗಳು ಬ್ರಾನ್ವಿನ್ ನಿಂತಿದ್ದಳು. ಈ ಪ್ರವಾಸದುದ್ದಕ್ಕೂ ತಾಯಿಯ ಮುಖ ನೋಡುವುದೇ ಅವಳಿಗೆ ಒಂದು ಕೆಲಸವಾಗಿತ್ತು. ಗ್ಲೆನಿಸ್ ಆ ಮುಖದ ಮೇಲೆ ಒಂದು ನಗೆಯನ್ನು ತಂದುಕೊಂಡು, ಊಟದ ಜಾಗ ಎಲ್ಲಿದೆ ನೋಡುತ್ತಿದ್ದೇನೆ ಎಂದಳು.

ಮುಚ್ಚಿಡಲು ಕಾರಣವಿತ್ತು. ವಿಕ್ಟೋರಿಯಾದ ಬ್ಯಾಲರಟ್ ಊರಿನ ಒಂದು ಪ್ರಾಥಮಿಕ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಆಕೆಯ ಕೆಲಸ. ತಾನು ದುಡಿಯುತ್ತಿದ್ದ ಉಣ್ಣೆ ಗಿರಣಿ ಮುಚ್ಚಿ ಬೇರೆ ದಾರಿಯಿಲ್ಲದಾದಾಗ ಹಿಡಿದದ್ದು, ಬರಬರುತ್ತಾ ಆಕೆಯ ಗುರುತೇ ಆಗಿಬಿಟ್ಟಿತ್ತು. ಹಳದಿ ಕೋಟು, ಕೊರಳಲ್ಲಿ ಶಿಳ್ಳೆ, ಕೈಯಲ್ಲಿ ‘ನಿಲ್ಲಿ’ ಎಂದು ಬರೆದ ಉದ್ದ ಹಿಡಿಯ ಫಲಕ. ಮಕ್ಕಳನ್ನು ರಸ್ತೆಯಂಚಿನ ಗೆರೆಯ ಹಿಂದೆ ಸಾಲಾಗಿ ನಿಲ್ಲಿಸಿ, ಎಡಗೈಯನ್ನು ಅಡ್ಡ ಹಿಡಿದು, “ಕಾಲ್ಬೆರಳು ಹಿಂದಕ್ಕೆ” ಎನ್ನುತ್ತಿದ್ದಳು. ಒಂದು ಬೂಟಿನ ತುದಿ ಗೆರೆ ದಾಟಿದ್ದರೂ ಸಾಲು ಹೊರಡುವಂತಿರಲಿಲ್ಲ. ಆಮೇಲೆ ತಾನು ರಸ್ತೆಗಿಳಿದು, ಎರಡೂ ಕಡೆಯ ವಾಹನಗಳು ನಿಂತದ್ದನ್ನು ನೋಡಿ, ಶಿಳ್ಳೆಯನ್ನು ಎರಡು ಸಲ ಊದುತ್ತಿದ್ದಳು. ಚಾಲಕರ ಮುಖವನ್ನು ಆಕೆ ನೋಡುತ್ತಿರಲಿಲ್ಲ, ಚಕ್ರಗಳನ್ನು ನೋಡುತ್ತಿದ್ದಳು, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದಳು. ದಾಟಿ ದಾಟಿ ಎಂದು ಕೈ ಬೀಸಿ ನಗುವವನ ಕಾರು ಇನ್ನೂ ಉರುಳುತ್ತಿರುವುದನ್ನು ಆಕೆ ಎಷ್ಟೋ ಸಲ ಕಂಡಿದ್ದಳು. ಅಂದು ಆ ಸಾಲಿನಲ್ಲಿ ನಿಂತಿದ್ದವರು ಈಗ ತಮ್ಮ ಮಕ್ಕಳನ್ನು ಕರೆತರುತ್ತಾರೆ. ಮಾಂಸದಂಗಡಿಯಲ್ಲಿ ಗ್ಲೆನಿಸ್ ಏನನ್ನೋ ತೋರಿಸಲು ಕೈಯೆತ್ತಿದರೆ, ಗಡ್ಡ ಬಂದ ಗಂಡಸರೂ ಅರೆಗಳಿಗೆ ನಿಂತುಬಿಡುತ್ತಾರೆ.

ಹೋದ ನವೆಂಬರಿನಲ್ಲಿ ಅದೇ ರಸ್ತೆಯ ನಡುವೆ ಲೋಕವೆಲ್ಲ ಗಿರ್ರನೆ ತಿರುಗಿತು. ಮಕ್ಕಳು ಆಗಲೇ ದಾಟಿದ್ದರು. ಆಕೆ ಫಲಕವನ್ನು ಊರುಗೋಲು ಮಾಡಿಕೊಂಡು ಅಂಚಿಗೆ ಬಂದು ಕುಳಿತಳು. ಡಾಕ್ಟರರು ಅದು ಒಳಗಿವಿಯ ತೊಂದರೆ, ಹೋಗಿಬಿಡಬಹುದು, ಮರಳಿ ಬರಲೂಬಹುದು ಎಂದರು. ಬ್ರಾನ್ವಿನ್ ಕೆಲಸ ಬಿಟ್ಟುಬಿಡು ಎಂದಳು, ಗ್ಲೆನಿಸ್ ಆಗದು ಎಂದಳು. ಕೊನೆಗೆ ಇಬ್ಬರ ನಡುವೆ ಒಂದು ಕರಾರಾಯಿತು. ಜನವರಿಯ ಬೇಸಿಗೆ ರಜೆಯ ಈ ಪ್ರವಾಸ ಮುಗಿಯುವವರೆಗೆ ತಲೆ ಸುತ್ತದಿದ್ದರೆ, ಶಾಲೆ ತೆರೆಯುವ ದಿನ ಆಕೆ ಮತ್ತೆ ಫಲಕ ಹಿಡಿಯಬಹುದು. ಒಂದೇ ಸಲ ಸುತ್ತಿದರೂ ಬಿಡಬೇಕು.

ಸಿಡ್ನಿಯಿಂದ ಹೊರಟು ದ್ವೀಪಗಳನ್ನು ಸುತ್ತಿ ಬಂದ ಹಡಗಿನಲ್ಲಿ ಆಕೆಗೆ ಏನೂ ಆಗಿರಲಿಲ್ಲ. ಗಾಳಿ ಎದ್ದ ದಿನ ಎಲ್ಲರೂ ಗೋಡೆ ಹಿಡಿದು ನಡೆಯುವಾಗ, ಗ್ಲೆನಿಸ್ ಎರಡು ಕೈಯಲ್ಲೂ ಚಹಾ ಹಿಡಿದು ಚೆಲ್ಲದೆ ಬಂದಿದ್ದಳು. ಆಗ ವೇಡ್ ಹೇಳಿದ್ದ: “ಗ್ಲೆನಿಸ್, ನಿಮ್ಮ ಫಲಕ ತಂದಿದ್ರೆ ಚೆನ್ನಾಗಿತ್ತು ನೋಡಿ. ಮೇಲೆ ನಿಂತು ಎತ್ತಿ ಹಿಡಿದಿದ್ರೆ ಅಲೆಗಳೂ ಸಾಲಾಗಿ ನಿಂತ್ಕೊಳ್ತಿದ್ವು.”

ಈಗ ಉಳಿದದ್ದು ರೆಸಾರ್ಟಿನ ದಿನಗಳು ಮಾತ್ರ. ಮೊದಲನೆಯ ದಿನವೇ, ಗಟ್ಟಿ ನೆಲದ ಮೇಲೆ, ಹೀಗಾಯಿತಲ್ಲ ಎಂದು ಆಕೆಯ ಎದೆ ಕುಸಿಯಿತು.

ರೆಸಾರ್ಟಿಗೆ ಸೇರಿದ ಥೀಮ್ ಪಾರ್ಕಿನೊಳಗೆ ಆಕೆ ಬಹಳ ಎಚ್ಚರದಿಂದ ನಡೆದಳು. ಸರತಿಯ ಸಾಲಿನಲ್ಲಿ ಕಬ್ಬಿಣದ ಕಂಬಿಯ ಪಕ್ಕದ ಜಾಗವನ್ನೇ ಆರಿಸಿಕೊಂಡಳು. ಬಯಲಿನಲ್ಲಿ ನಡೆಯುವಾಗ ಎಲ್ಲರ ಟೋಪಿ, ನೀರಿನ ಬಾಟಲಿಗಳನ್ನಿಟ್ಟಿದ್ದ ಬಾಡಿಗೆಯ ತಳ್ಳುಗಾಡಿಯನ್ನು ತಾನೇ ತಳ್ಳುತ್ತೇನೆಂದು ಹಟ ಹಿಡಿದಳು. ಅದರ ಹಿಡಿಕೆ ಊರುಗೋಲಿನ ಕೆಲಸ ಮಾಡಿತು. ತಲೆಯ ಮೇಲೆ ರೋಲರ್ ಕೋಸ್ಟರ್ ಜನರ ಕಿರುಚಾಟವನ್ನು ಹೊತ್ತು ಹಾದುಹೋದಾಗ ಎಲ್ಲರೂ ಕತ್ತೆತ್ತಿದರು. ಗ್ಲೆನಿಸ್ ಮಾತ್ರ ಕತ್ತೆತ್ತಲಿಲ್ಲ.

“ಮಮ್, ಚೆನ್ನಾಗಿದೀಯ ತಾನೆ?” ಎಂದು ಬ್ರಾನ್ವಿನ್ ಕೇಳಿದಳು.

“ನೀನು ಕೇಳೋದು ನಿಲ್ಲಿಸಿದ್ರೆ ಇನ್ನೂ ಚೆನ್ನಾಗಿರ್ತೀನಿ.”

ಪುಟ್ಟ ಮಕ್ಕಳಿಗಾಗಿ ಗುಡ್ಡ ಸುತ್ತಿಬರುವ ಗಣಿ ಬಂಡಿಯಂಥ ಒಂದು ಆಟದ ರೈಲಿತ್ತು. ಜೊತೆಗೆ ದೊಡ್ಡವರೊಬ್ಬರು ಕೂರಬೇಕೆಂದು ನಿಯಮ. ಟಿಲ್ಲಿ ಅಪ್ಪನನ್ನೂ ಅಮ್ಮನನ್ನೂ ಬಿಟ್ಟು “ನ್ಯಾನ್” ಎನ್ನುತ್ತಾ ಅಜ್ಜಿಯ ಕೈ ಹಿಡಿದಳು. ಬೇಡವೆನ್ನಲು ನೆಪ ಹುಡುಕಿದರೆ ಬ್ರಾನ್ವಿನ್‌ಗೆ ಗೊತ್ತಾಗುತ್ತದೆ. ಗ್ಲೆನಿಸ್ ಹತ್ತಿದಳು. ಮಗುವಿನ ಮುಂದಿನ ಅಡ್ಡಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು. ವಿಚಿತ್ರವೆಂದರೆ, ರೈಲು ಹೊರಟು ಕುಲುಕತೊಡಗಿದ ಕೂಡಲೇ ಒಳಗಿನ ತೂಗಾಟ ನಿಂತುಹೋಯಿತು. ಗುಡ್ಡ ಸುತ್ತುವವರೆಗೂ ಆಕೆ ಹಾಯಾಗಿದ್ದಳು. ಇಳಿದು ಕಾಂಕ್ರೀಟಿನ ಮೇಲೆ ಕಾಲಿಟ್ಟಾಗ ಅದು ಮತ್ತೆ ಬಂತು.

ಮಧ್ಯಾಹ್ನ ಮರದ ನೆರಳಿನ ಮೇಜಿನಲ್ಲಿ ಮೀನು ಮತ್ತು ಚಿಪ್ಸ್ ತಿನ್ನಲು ಕುಳಿತರು. ಉದ್ದ ಕೊಕ್ಕಿನ ಬಿಳಿ ಐಬಿಸ್ ಹಕ್ಕಿಯೊಂದು ಕಸದ ತೊಟ್ಟಿಯನ್ನು ಬಿಟ್ಟು ಇವರ ಮೇಜಿನ ಸುತ್ತ ತಿರುಗುತ್ತಿತ್ತು. ವೇಡ್ ಅದಕ್ಕೆ ಗೌರವದಿಂದ ನಮಸ್ಕರಿಸಿ, ಈ ಮೇಜು ಕಾದಿರಿಸಲಾಗಿದೆ ಎಂದು ತಿಳಿಸುತ್ತಿದ್ದ. ಟಿಲ್ಲಿ ಬೆಂಚಿನಿಂದ ಇಳಿದು, ಕೈಗಳನ್ನು ಚಾಚಿ, ಕಣ್ಣು ಮುಚ್ಚಿ ನಿಂತಳು. ಏನು ಮಾಡುತ್ತಿದ್ದೀಯೆಂದು ಅವಳಮ್ಮ ಕೇಳಿದಳು.

“ನನ್ ಕಾಲ ಕೆಳಗೆ ಇನ್ನೂ ಹಡಗಿದೆ. ಕಣ್ಮುಚ್ಚಿದ್ರೆ ಜಾಸ್ತಿ ತೂಗುತ್ತೆ.”

ವೇಡ್ ಹಕ್ಕಿಯನ್ನು ಮರೆತು ತಿರುಗಿದ. “ನಿಂಗೂನಾ? ನಾನು ನಿನ್ನೆ ಕುಡಿದ ಬಿಯರ್ ಇನ್ನೂ ಇಳಿದಿಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಬಾಯಿ ಬಿಡ್ಲಿಲ್ಲ.”

ಬ್ರಾನ್ವಿನ್ ಕೈಯಲ್ಲಿದ್ದ ಚಿಪ್ಸನ್ನು ಕೆಳಗಿಟ್ಟಳು. ಆಮೇಲೆ, ತನಗೂ ಬೆಳಗಿನಿಂದ ಹಾಗೇ ಆಗುತ್ತಿದೆಯೆಂದು ಒಪ್ಪಿಕೊಂಡಳು. ಅಮ್ಮನ ತಲೆಯಲ್ಲಿ ಇಲ್ಲದ ಭಯವನ್ನು ಹುಟ್ಟಿಸುವುದು ಬೇಡವೆಂದು ಸುಮ್ಮನಿದ್ದಳಂತೆ. ಮೂವರೂ ಗ್ಲೆನಿಸ್ ಕಡೆ ತಿರುಗಿದರು.

“ನಂಗೂ,” ಎಂದಳು ಗ್ಲೆನಿಸ್. “ಕೀಲಿ ಕೊಡೋ ಮೇಜಿನ ಹತ್ರ ಶುರುವಾಯ್ತು.”

ಮೊದಲು ನಕ್ಕವನು ವೇಡ್. ಆಮೇಲೆ ಎಲ್ಲರೂ ನಕ್ಕರು. ಒಂದೇ ಕುಟುಂಬದವರು ಒಬ್ಬರಿಗೊಬ್ಬರು ತಿಳಿಯದಂತೆ ಅರ್ಧ ದಿನ ತೂಗಿಕೊಂಡು ಓಡಾಡಿದ್ದರು. ಬ್ರಾನ್ವಿನ್ ಎದ್ದು ಬಂದು ಹಿಂದಿನಿಂದ ತಾಯಿಯ ಕೊರಳನ್ನು ತಬ್ಬಿಕೊಂಡಳು. ಇದು ದಿನಗಟ್ಟಲೆ ತೂಗಿದ ಹಡಗಿನದು, ಕಿವಿಯದಲ್ಲ, ಕರಾರು ಮುರಿದಿಲ್ಲ ಎಂದಳು. ಗ್ಲೆನಿಸ್‌ಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಈಗ ಗಮನವಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗಿತ್ತು: ನವೆಂಬರಿನಲ್ಲಿ ಲೋಕ ಬುಗುರಿಯಂತೆ ತಿರುಗಿತ್ತು, ಇಂದು ತೊಟ್ಟಿಲಿನಂತೆ ತೂಗುತ್ತಿತ್ತು. ಆಕೆ ಒಂದು ತುಂಡು ಮೀನನ್ನು ಬಾಯಿಗಿಟ್ಟುಕೊಂಡಳು. ಆದರೆ ಯಾಕೋ ಉಳಿದದ್ದನ್ನು ಟಿಲ್ಲಿಯ ಕಡೆಗೆ ಸರಿಸಿಬಿಟ್ಟಳು.

ಊಟದ ನಂತರ ನೀರಿನಾಟದ ಕಡೆಗೆ ಹೋಗುವಾಗ, ಜನರ ಹಾದಿಯನ್ನು ಪಾರ್ಕಿನ ಕೆಲಸದ ದಾರಿಯೊಂದು ಅಡ್ಡ ಹಾಯುತ್ತಿತ್ತು. ಒದ್ದೆ ಟವೆಲುಗಳ ಮೂಟೆ ಹೇರಿಕೊಂಡು ಬ್ಯಾಟರಿ ಗಾಡಿಯೊಂದು ಸದ್ದಿಲ್ಲದೆ ಬಂತು. ಗ್ಲೆನಿಸ್‌ಳ ಎಡಗೈ ತಾನಾಗಿ ಅಡ್ಡ ಚಾಚಿತು. ಟಿಲ್ಲಿ ನಿಂತಳು. ಟಿಲ್ಲಿಯ ಆಚೆ, ಯಾರದೋ ಮಕ್ಕಳು, ಈಜುಡುಗೆಯಲ್ಲಿ, ಬರಿಗಾಲಿನಲ್ಲಿ, ಅವರೂ ಆ ಕೈಯ ಹಿಂದೆ ನಿಂತರು. ಯಾರೂ ಹೇಳಿಕೊಡದೆ, ಆ ಮಕ್ಕಳು ಆಕೆಯ ಮುಖ ನೋಡುತ್ತಾ ಕಾದರು. ಗಾಡಿಯ ಚಕ್ರ ನಿಂತಿತು. ಹೋಗಿ ಎನ್ನಲು ಆಕೆ ಬಾಯಿ ತೆರೆದಳು. ಆ ಕ್ಷಣದಲ್ಲೇ ನೆಲ ಒಮ್ಮೆ ತೂಗಿತು. ಆಕೆಯ ಮುಖ ಮಾತ್ರ, ಬೆಳಗಿನಿಂದ ಅಭ್ಯಾಸವಾದಂತೆ, ನಗುತ್ತಲೇ ಇತ್ತು. ಮಕ್ಕಳು ಆ ನಗುವನ್ನು ನಂಬಿ ಓಡಿದರು.

ಅವರ ತಾಯಿ ಧನ್ಯವಾದ ಹೇಳಿ ಮುಂದೆ ಹೋದಳು. ಗ್ಲೆನಿಸ್ ಚಾಚಿದ ಕೈಯನ್ನು ಇಳಿಸಲು ಸ್ವಲ್ಪ ಹೊತ್ತು ಮರೆತಳು.

ಸಂಜೆ ವೇಡ್ ಮತ್ತು ಟಿಲ್ಲಿ ಈಜುಕೊಳದಲ್ಲಿದ್ದಾಗ ತಾಯಿ ಮಗಳು ದಡದ ಕುರ್ಚಿಗಳಲ್ಲಿ ಕುಳಿತಿದ್ದರು. ಬ್ರಾನ್ವಿನ್ ಸಂತೋಷದಲ್ಲಿದ್ದಳು, ಶಾಲೆ ತೆರೆಯುವ ದಿನಕ್ಕೆ ಹೊಸ ಟೋಪಿ ಕೊಡಿಸುತ್ತೇನೆ, ಹಳೆಯದು ಬಣ್ಣಗೆಟ್ಟಿದೆ ಎನ್ನುತ್ತಿದ್ದಳು. ಗ್ಲೆನಿಸ್ ಅವಳ ಮಾತು ಮುಗಿಯುವವರೆಗೆ ಕಾದು, ಟೋಪಿ ಬೇಡ ಎಂದಳು.

“ಯಾಕೆ?”

“ಫಲಕ ವಾಪಸ್ ಕೊಟ್ಬಿಡ್ತೀನಿ, ಬ್ರಾನ್.”

ಬ್ರಾನ್ವಿನ್‌ಗೆ ಅರ್ಥವಾಗಲಿಲ್ಲ. ಇವತ್ತಿನದು ಹಡಗಿನ ತೂಗಾಟವೆಂದು ಮಧ್ಯಾಹ್ನವೇ ತೀರ್ಮಾನವಾಯಿತಲ್ಲ ಎಂದು ವಾದಿಸಿದಳು. ಎರಡು ತಿಂಗಳಿಂದ ಕೆಲಸ ಬಿಡು ಎಂದವಳು, ಈಗ ಬಿಡಬೇಡ ಎನ್ನುತ್ತಿರುವುದು ಅವಳಿಗೇ ಗಮನಕ್ಕೆ ಬಂದಂತಿರಲಿಲ್ಲ.

“ಮಧ್ಯಾಹ್ನ ತೀರ್ಮಾನ ಆಯ್ತು,” ಎಂದಳು ಗ್ಲೆನಿಸ್. “ಬೆಳಿಗ್ಗೆ ನಂಗದು ಗೊತ್ತಿರ್ಲಿಲ್ಲ. ಕಿವೀನೇ ಅಂದ್ಕೊಂಡಿದ್ದೆ. ಹಾಗಂದ್ಕೊಂಡೇ ಮುಚ್ಚಿಟ್ಟೆ, ಹಾಗಂದ್ಕೊಂಡೇ ನಿನ್ನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಆ ರೈಲು ಹತ್ತಿದೆ. ನೀನು ದಿನವೆಲ್ಲ ನನ್ನ ಮುಖಾನೇ ನೋಡ್ತಿದ್ದೆ. ಗೊತ್ತಾಯ್ತಾ ನಿಂಗೆ?”

ಬ್ರಾನ್ವಿನ್ ಇಲ್ಲವೆಂದು ತಲೆಯಾಡಿಸಿದಳು.

“ಮುಖ ನೋಡಿದ್ರೆ ಗೊತ್ತಾಗಲ್ಲ. ಅದನ್ನ ನಾನು ಆ ಮಕ್ಕಳಿಗೆಲ್ಲ ಎಷ್ಟು ವರ್ಷದಿಂದ ಹೇಳ್ಕೊಂಡ್ ಬಂದಿದೀನಿ. ಮತ್ತೆ ನಿಜವಾಗ್ಲೂ ಸುತ್ತಿದ ದಿನಾನೂ ನಾನು ಹೀಗೇ ನಗ್ತೀನಿ. ಅದೇ ನಂಗಿವತ್ತು ಗೊತ್ತಾಗಿದ್ದು.”

ಬ್ರಾನ್ವಿನ್ ತನ್ನ ಕುರ್ಚಿಯನ್ನು ಎಳೆದು ತಾಯಿಯ ಕುರ್ಚಿಗೆ ತಾಗಿಸಿದಳು. ಬೇರೆ ಯಾರಿಗಾದರೂ ಕಲಿಸಿಕೊಡಬೇಕಾಗುತ್ತದೆಯೇ ಎಂದು ಕೇಳಿದಳು. ಗ್ಲೆನಿಸ್ ಹೌದೆಂದಳು, ಅಂಚಿನಲ್ಲಿ ಯಾವ ಮಗು ಮುನ್ನುಗ್ಗುತ್ತದೆ, ಯಾವ ಮಗುವಿಗೆ ಬೂಟಿನ ದಾರ ಕಟ್ಟಲು ಬರುವುದಿಲ್ಲ, ಹೊಸಬರಿಗೆ ಅದನ್ನೆಲ್ಲ ಹೇಳಬೇಕು ಎಂದಳು. ಹೇಳುತ್ತಾ ಆಕೆಯ ಮುಖದ ನಗೆ ಅಳಿಸಿಹೋಯಿತು. ಈ ಸಲ ಅದನ್ನು ಮರಳಿ ತಂದುಕೊಳ್ಳುವ ಗೋಜಿಗೆ ಹೋಗಲಿಲ್ಲ.

ಊಟಕ್ಕೆ ಎದುರಿನ ಕಟ್ಟಡಕ್ಕೆ ಹೋಗಬೇಕಿತ್ತು. ನಡುವೆ ರೆಸಾರ್ಟಿನ ಬಸ್ಸುಗಳು ತಿರುಗುವ ಒಂದು ರಸ್ತೆ. ಅಂಚಿಗೆ ಬಂದಾಗ ಗ್ಲೆನಿಸ್‌ಳ ಎಡಗೈ ಎಂದಿನಂತೆ ಏಳತೊಡಗಿತು. ಆಕೆ ಅದನ್ನು ಕಾರ್ಡಿಗನ್ನಿನ ಜೇಬಿಗೆ ತುರುಕಿದಳು. ಆ ಕೈ ಬಾರದ್ದನ್ನು ಕಂಡು ಟಿಲ್ಲಿ ಒಮ್ಮೆ ಅಜ್ಜಿಯನ್ನು ನೋಡಿದಳು. ಬಳಿಕ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ, ತನ್ನ ಪುಟ್ಟ ಕೈಯನ್ನು ಅಜ್ಜಿಯ ಮೊಣಕಾಲಿನ ಮೇಲ್ಭಾಗಕ್ಕೆ ಅಡ್ಡ ಹಿಡಿದಳು.

“ಕಾಲ್ಬೆರಳು ಹಿಂದಕ್ಕೆ, ನ್ಯಾನ್.”

ಗ್ಲೆನಿಸ್ ಕೆಳಗೆ ನೋಡಿದಳು. ಚಪ್ಪಲಿಯ ತುದಿ ಅಂಚಿನಿಂದ ಆಚೆಗೆ ಚಾಚಿತ್ತು. ಹಿಂದಕ್ಕೆಳೆದುಕೊಂಡಳು. ಬಸ್ಸೊಂದು ತಿರುವಿನಲ್ಲಿ ಬಂತು. ಚಾಲಕ ನಗುತ್ತಾ, ದಾಟಿ ದಾಟಿ ಎಂದು ಕೈ ಬೀಸಿದ. ಟಿಲ್ಲಿ ಅಲ್ಲಾಡಲಿಲ್ಲ. ಅವಳು ಅವನ ಮುಖವನ್ನು ನೋಡುತ್ತಲೇ ಇರಲಿಲ್ಲ.