ಗೋಡೆಯ ಕಡೆಗೆ ಅರಳಿದ ಕಡಲ ಹೂ

ನನ್ನ ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ನಡುಕೋಣೆಯಲ್ಲಿ ಅವಳು ಉಪ್ಪುನೀರಿನ ಗಾಜಿನ ತೊಟ್ಟಿಯೊಂದನ್ನು ಸಾಕುತ್ತಾಳೆ. ಸಾಕುತ್ತಾಳೆ ಎಂದೇ ಹೇಳಬೇಕು. ಮೀನುಗಳಿಗಿಂತ ಹೆಚ್ಚಿನ ಆರೈಕೆ ಆ ನೀರಿಗೇ ಸಲ್ಲುತ್ತದೆ. ಅದರಲ್ಲಿ ಕಡಲ ಹೂವೊಂದು ಬದುಕಬೇಕೆಂಬುದು ಅವಳ ಹಟ. ಹೆಸರಿಗಷ್ಟೇ ಹೂವು, ಅದು ಒಂಟಿ ಪಾದದಿಂದ ಕಲ್ಲಿಗಂಟಿಕೊಂಡು, ಎಳೆಗಳನ್ನು ಚಾಚಿ ಆಹಾರ ಹಿಡಿಯುವ ಪ್ರಾಣಿ. ಹಿಂದೆ ತಂದ ಎರಡೂ ಸತ್ತಿದ್ದವು.

"ಇದೂ ಹೋದ್ರೆ ತೊಟ್ಟೀನೇ ಯಾರಿಗಾದ್ರೂ ಕೊಟ್ಬಿಡ್ತೀನಿ," ಎನ್ನುತ್ತಲೇ ಮೂರನೆಯದನ್ನು ತಂದಳು.

ಅಂಗಡಿಯ ನೀರಿನಿಂದ ಮನೆಯ ನೀರಿಗೆ ಅದನ್ನು ಒಮ್ಮೆಲೇ ಹಾಕುವಂತಿಲ್ಲ. ಅಕ್ಕ ಅದನ್ನು ಬಕೆಟ್ಟಿನಲ್ಲಿಟ್ಟು, ಸಲೈನ್ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸಿದಳು. ಹನಿಯ ವೇಗ ಹೆಚ್ಚುಕಡಿಮೆ ಮಾಡುವ ಕೊಳವೆಯ ಪುಟ್ಟ ಗಾಲಿಯ ಮೇಲೆ ಬೆರಳಿಟ್ಟು, ರೋಗಿಯ ಪಕ್ಕದಲ್ಲಿ ಕುಳಿತಂತೆ ಕುಳಿತಳು.

"ನಂಗೆ ಜ್ವರ ಬಂದಾಗ ಇಷ್ಟು ಹೊತ್ತು ಕೂತಿರಲಿಲ್ಲ ನೀನು," ಎಂದರು ಭಾವ.

"ನೀವು ಇಷ್ಟು ಸುಮ್ನೆ ಇರ್ತಿರ್ಲಿಲ್ವಲ್ರೀ."

ಎಲ್ಲರಿಗೂ ಕಾಣುವಂತೆ ಮುಂದಿನ ಕಲ್ಲಿನ ಮೇಲೆ ಅದನ್ನು ಇಟ್ಟದ್ದಾಯಿತು. ಬೆಳಗಾಗುವಷ್ಟರಲ್ಲಿ ಅದು ಮೆಲ್ಲನೆ ಸರಿದು, ಕಲ್ಲಿನ ಹಿಂಬದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಮುದುಡಿ ಕುಳಿತಿತ್ತು. ಸೋಫಾದಿಂದ ನೋಡಿದರೆ ಬರೀ ಕಲ್ಲು. ಭಾವ ಅಂಗಿಯ ತೋಳು ಮಡಚಿದರು.

"ಒಂಚೂರು ಕಲ್ಲಿಂದ ಎಬ್ಬಿಸಿ ಈ ಕಡೆ ಕೂರಿಸ್ತೀನಿ, ಬಿಡು."

ಅಕ್ಕ ಅವರ ಮಣಿಕಟ್ಟು ಹಿಡಿದಳು. "ಮುಟ್ಟಬೇಡಿ! ಹಾಸಿಗೆ ಹಿಡಿದವರನ್ನ ಮಗ್ಗುಲು ಬದಲಿಸಿ ಬದಲಿಸಿ ನನ್ನ ಕೈಗೆ ಅದೇ ಚಾಳಿ. ಹಿಂದಿನ ಎರಡನ್ನೂ ಹೀಗೇ ಎಬ್ಬಿಸೋಕೆ ಹೋಗಿ ಪಾದ ಹರಿದೆ. ಇದಕ್ಕೆ ಅಲ್ಲೇ ಬೇಕು ಅಂದ್ರೆ ಅಲ್ಲೇ ಇರಲಿ."

ಮುಂದಿನ ದಿನಗಳಲ್ಲಿ ಅವಳು ತೊಟ್ಟಿಯ ಬಳಿ ಬಂದಾಗಲೆಲ್ಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದಳು. ಜೀವಮಾನವಿಡೀ ಕೈಯಿಂದಲೇ ಉಪಚರಿಸಿದವಳಿಗೆ ಅದೆಷ್ಟು ಕಷ್ಟವೆಂದು ನನಗೆ ಗೊತ್ತು.

ಕಡಲ ಹೂ ಅಲ್ಲೇ ಅರಳಿತು. ಇಕ್ಕಳದಿಂದ ನೀಡಿದ ಸಿಗಡಿಯ ಚೂರನ್ನು ಎಳೆಗಳಿಂದ ಬಾಚಿಕೊಂಡಿತು.

ಈಗ ನೋಡಲು ಬಂದವರೆಲ್ಲ ಗೋಡೆಗೂ ತೊಟ್ಟಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ತೂರಬೇಕು. "ಒಬ್ಬೊಬ್ರೇ ಬನ್ನಿ, ಹೊಟ್ಟೆ ಒಳಗೆಳ್ಕೊಳ್ಳಿ," ಎಂದು ಭಾವ ಸಾಲು ನಿಲ್ಲಿಸುತ್ತಾರೆ.

"ಎಂಥ ಜಾಗದಲ್ಲಿ ಕೂರಿಸಿದ್ದೀರಲ್ರೀ ಇದನ್ನ!" ಎಂದರು ಪಕ್ಕದ ಮನೆಯಾಕೆ, ಸಂದಿಯೊಳಗಿನಿಂದಲೇ.

"ನಾನೆಲ್ಲಿ ಕೂರಿಸಿದೆ? ಅದೇ ಕೂತಿದ್ದು," ಎಂದಳು ಅಕ್ಕ. ಹೆಡ್ ನರ್ಸ್ ಆದ ದಿನವೂ ಅವಳು ಅಷ್ಟು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.