ನೀಲವ್ವನ ತಪ್ಪು ಓದು

ಓದು ಬಾರದವರ ಕಷ್ಟವನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಓದು ಬಂದವರಿಗೂ ಒಂದು ಕಷ್ಟವಿದೆ, ಅವರಿಗೆ ಓದದೇ ಇರಲು ಬರುವುದಿಲ್ಲ. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ತಿಳವಳ್ಳಿಯ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ಮೂಲವ್ಯಾಧಿಯ ಔಷಧದ ಚೀಟಿಯಿಂದ ಹಿಡಿದು, ಎಂದೋ ಆಡಿ ಮುಗಿಸಿದ ನಾಟಕದ ಹರಿದ ಭಿತ್ತಿಪತ್ರದವರೆಗೆ ಗೋಡೆಯ ಸಮಸ್ತ ವಾಙ್ಮಯವನ್ನು ಪಾರಾಯಣ ಮಾಡಿ ಮುಗಿಸುತ್ತೇನೆ. ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋದರೆ ಮೊದಲು ಕಣ್ಣು ಹರಿಯುವುದು ಎಣ್ಣೆ ಕುಡಿದ ಕಾಗದದ ಮೇಲಿನ ಅರ್ಧ ಸುದ್ದಿಯತ್ತ. ಉಳಿದರ್ಧದಲ್ಲಿ ಏನಾಯಿತೋ ಎಂಬ ಚಿಂತೆಯಲ್ಲಿ ಮಿರ್ಚಿ ಆರಿ ಹೋಗುತ್ತದೆ. ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರನ ಕಣ್ಣಿಗೆ ಇದಕ್ಕಿಂತ ಸುಲಭವಾದ ಶಿಕ್ಷೆ ಸಿಗಬಾರದಿತ್ತೇ, ನೀವೇ ಹೇಳಿ.

ನಿವೃತ್ತನಾದ ಮೇಲೆ ಇಂಥ ಕಣ್ಣಿಗೆ ಒಂದು ಉದ್ಯೋಗವೂ ದೊರೆಯಿತು. ತಿಳವಳ್ಳಿಯ ಸಮುದಾಯ ಭವನದಲ್ಲಿ ವಾರಕ್ಕೆ ಮೂರು ಮಧ್ಯಾಹ್ನ, ಹೊಲದ ಕೆಲಸ ಮುಗಿಸಿ ಬರುವ ಹನ್ನೊಂದು ಮಂದಿ ಹೆಣ್ಣುಮಕ್ಕಳಿಗೆ ಓದು ಕಲಿಸುವುದು. ಕಲಿಸುವುದಷ್ಟೇ ಆಗಿದ್ದರೆ ನನಗೆ ಅಭ್ಯಾಸದ ಮಾತು. ಆದರೆ ಈ ಸಾಕ್ಷರತಾ ಯೋಜನೆಯವರು ಪರೀಕ್ಷೆ ಮಾಡಲೆಂದು ನನ್ನ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟಿದ್ದರು. ಟ್ಯಾಬ್ಲೆಟ್ ಎಂದರೆ ಗುಳಿಗೆ ಎಂದೇ ತಿಳಿದಿದ್ದ ನನ್ನಂಥವನಿಗೆ ಅದು ನಿಜಕ್ಕೂ ಗುಳಿಗೆಯಂತೆಯೇ ಗಂಟಲಲ್ಲಿ ನಿಂತಿತು. ಪರದೆಯ ಮೇಲೆ ಕಲಿಕೆಯ ಮೊದಲ ಪುಸ್ತಕದಿಂದ ನಾಲ್ಕು ಸಾಲು ಮೂಡುತ್ತವೆ. ಕಲಿಯುವವರು ಗಟ್ಟಿಯಾಗಿ ಓದಬೇಕು. ಯಂತ್ರ ಕಿವಿಗೊಟ್ಟು ಕೇಳಿ, ಸರಿಯಾದ ಪದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು ಬಳಿದು, ಕೊನೆಗೆ ಅಂಕ ಕೊಡುತ್ತದೆ. ಬೆತ್ತವಿಲ್ಲದ, ಕೋಪವಿಲ್ಲದ ಆ ಮಾಸ್ತರನ ಮುಂದೆ ನಾನು ಜವಾನನಂತೆ ಕುಳಿತಿರುತ್ತಿದ್ದೆ.

ಮೊದಲ ಪರೀಕ್ಷೆಯಲ್ಲಿ ರೇಣುಕವ್ವನಿಗೆ ಪೂರ್ಣಾಂಕ ಬಂತು. ಗೋವಿನಜೋಳದ ಹೊಲದಿಂದ ನೇರವಾಗಿ ಬಂದು ಕುಳಿತು, ನಾಲ್ಕೂ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಿ, ಇಡೀ ಪರದೆಯನ್ನು ಹಸಿರು ಮಾಡಿದಳು. ಆಮೇಲೆ ನೀಲವ್ವನ ಸರದಿ. ಐವತ್ತು ದಾಟಿದ ನೀಲವ್ವ ಭತ್ತ ನಾಟಿಯ ಕೆಲಸದಲ್ಲಿ ಊರಿಗೇ ಮುಂದು. ಅಕ್ಷರದ ಮುಂದೆ ಮಾತ್ರ ಹೊಸ ಸೊಸೆಯಂತೆ ಬೆದರುವವಳು. ಪರದೆಯ ಮೇಲೆ, ‘ಸೀತಮ್ಮ ಬೆಳಿಗ್ಗೆ ಬೇಗ ಎದ್ದು ಹೊಲಕ್ಕೆ ಹೋಗುತ್ತಿದ್ದಾಳೆ. ಅವಳ ಕೈಯಲ್ಲಿ ಬುತ್ತಿ ಇದೆ’ ಎಂದಿತ್ತು. ನೀಲವ್ವ ಪ್ರತಿ ಪದದ ಕೆಳಗೂ ಬೆರಳಿಟ್ಟು, ತುಟಿಯೊಳಗೇ ಒಮ್ಮೆ ಬಿಡಿಸಿಕೊಂಡು, ಆಮೇಲೆ ಗಟ್ಟಿಯಾಗಿ ಹೇಳಿದಳು:

“ಸೀತವ್ವ ಮುಂಜಾನೆ ಲಗೂನ ಎದ್ದು ಹೊಲಕ್ಕ ಹೊಂಟಾಳ. ಕೈಯಾಗ ಬುತ್ತಿ ಐತಿ.”

ಎರಡು ಪದ ಬಿಟ್ಟು ಉಳಿದುದೆಲ್ಲ ಕುಂಕುಮದಂತೆ ಕೆಂಪಾಯಿತು. ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಯಂತ್ರ ಇಂಪಾದ ದನಿಯಲ್ಲಿ ನುಡಿಯಿತು. ಆಕೆ ಮತ್ತೆ ಪ್ರಯತ್ನಿಸಿದಳು. ಸೀತವ್ವ ಮತ್ತೆ ಹೊಲಕ್ಕ ಹೊಂಟಳು. ಮೂರನೆಯ ಬಾರಿಯೂ ಯಂತ್ರ ಒಪ್ಪದಿದ್ದಾಗ, ಈ ಹೆಂಗಸು ಓದುತ್ತಿಲ್ಲ, ಊಹಿಸುತ್ತಿದ್ದಾಳೆ ಎಂದು ನಾನೂ ತೀರ್ಮಾನಿಸಿ, ಆಕೆಯನ್ನು ಮತ್ತೆ ಅ ಆ ಇ ಈ ತಿದ್ದುವವರ ಸಾಲಿಗೆ ಕೂರಿಸಿದೆ. ನೀಲವ್ವ ಸೆರಗು ಸರಿಮಾಡಿಕೊಂಡು ಹಿಂದಿನ ಸಾಲಿಗೆ ಹೋದಳು. ಮುಂದಿನ ವಾರ ತರಗತಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಅದಾದ ಮೇಲೊಂದು ಬೆಳಿಗ್ಗೆ ಆಕೆಯಿಂದ ಫೋನು ಬಂತು. ಆಕೆಯ ಅತ್ತೆಗೆ ಕಣ್ಣಿನ ಪೊರೆ ಬಂದಿತ್ತು. ಹತ್ತಿರದ ಊರೊಂದರಲ್ಲಿ ನಡೆಯುತ್ತಿದ್ದ ಶಿಬಿರದಲ್ಲಿ ಮರುದಿನ ಶಸ್ತ್ರಚಿಕಿತ್ಸೆ. ಅಲ್ಲಿ ಯಾವುದೋ ಕಾಗದಕ್ಕೆ ಸಹಿ ಹಾಕಬೇಕಂತೆ, ಮನೆಯ ಗಂಡಸರೆಲ್ಲ ನಾಟಿಯಲ್ಲಿದ್ದಾರೆ, ನಾನು ಬಂದು ಓದಿ ಹೇಳಬೇಕು. ನೀವೇ ಓದಬಹುದಲ್ಲ ಎಂದು ನಾನು ಕೇಳಬಾರದಿತ್ತು, ಕೇಳಿದೆ.

“ನನ್ನ ಓದು ಖರೇ ಅಲ್ಲಂತ ಮಷಿನ್ ಹೇಳೇತಲ್ರಿ ಸರ” ಎಂದಳು. ಅದರಲ್ಲಿ ಮುನಿಸಿರಲಿಲ್ಲ. ವೈದ್ಯರು ಹೇಳಿದ ರೋಗದ ಹೆಸರನ್ನು ಒಪ್ಪಿಕೊಂಡವರ ದನಿ ಅದು.

ಮರುದಿನ ಶಿಬಿರದಲ್ಲಿ ಜನವೋ ಜನ. ಬೆಂಚಿನ ಮೇಲೆ ನಡುವೆ ಅತ್ತೆ, ಅತ್ತ ನೀಲವ್ವ, ಇತ್ತ ನಾನು. ಅತ್ತೆಗೆ ಎಂಬತ್ತರ ಸಮೀಪ. ಇನ್ನೊಂದು ಕಣ್ಣಿನ ಪೊರೆಯನ್ನು ಹಿಂದೆಯೇ ತೆಗೆಸಿದ್ದರಂತೆ. ನರ್ಸಮ್ಮ ಒಪ್ಪಿಗೆ ಪತ್ರ ತಂದು ಕೈಗಿತ್ತು, ಲಗುಬಗೆಯಿಂದ ಮುಂದಿನವರ ಬಳಿ ಹೋದಳು. ನಾನು ಕನ್ನಡಕ ಏರಿಸಿ ಗಾಂಭೀರ್ಯದಿಂದ ಪತ್ರದ ಮೇಲೆ ಕಣ್ಣಾಡಿಸಿದೆ. ಕಣ್ಣಾಡಿಸುವುದು ಎಂಬ ಮಾತನ್ನು ನಮ್ಮ ಹಿರಿಯರು ಎಷ್ಟು ವಿವೇಕದಿಂದ ಮಾಡಿಟ್ಟಿದ್ದಾರೆ ನೋಡಿ: ಅದರಲ್ಲಿ ಕಣ್ಣು ಆಡುತ್ತದೆಯೇ ಹೊರತು ದುಡಿಯುವುದಿಲ್ಲ. ಹೆಸರು ಇತ್ತು, ಊರು ಇತ್ತು, ಕೆಳಗೆ ಸಹಿಗೆ ಜಾಗ ಇತ್ತು. ಎಲ್ಲ ಸರಿಯಾಗಿದೆ, ಸಹಿ ಮಾಡಿ ಎಂದು ಪೆನ್ನು ಕೊಟ್ಟೆ.

ನೀಲವ್ವ ಪೆನ್ನು ಹಿಡಿದಳು. ಆದರೆ ಬರೆಯಲಿಲ್ಲ. ಆಕೆಯ ಎಡಗೈಯ ತೋರುಬೆರಳು, ಅದರ ಪಾಡಿಗೆ ಅದು ಎಂಬಂತೆ, ಮೊದಲ ಸಾಲಿನ ಕೆಳಗೆ ಹೋಗಿ ಕೂತಿತ್ತು. ಪಕ್ಕದ ಬೆಂಚಿನವರೆಲ್ಲ ಸಹಿ ಹಾಕಿ ಎದ್ದುಹೋದರು. ನನಗೆ ಮುಜುಗರ, ಬಸ್ಸು ತಪ್ಪೀತೆಂಬ ಚಿಂತೆ ಬೇರೆ. ಬೆರಳು ಐದನೆಯ ಸಾಲಿನ ಮಧ್ಯದಲ್ಲಿ ನಿಂತಿತು. ಹಿಂದಕ್ಕೆ ಸರಿದು, ಮತ್ತೆ ಅಲ್ಲಿಗೇ ಬಂದು ನಿಂತಿತು.

“ಸರ, ಇಲ್ಲಿ ಬಲಗಣ್ಣು ಅಂತ ಐತೇನ್ರಿ? ನಾ ತಪ್ಪು ಓದಾಕತ್ತೇನೇನು?”

ನಾನು ಬಗ್ಗಿ ನೋಡಿದೆ. ಬಲಗಣ್ಣು ಎಂದೇ ಇತ್ತು, ದುಂಡಗಿನ ಅಂದವಾದ ಅಕ್ಷರದಲ್ಲಿ.

“ನಮ್ಮತ್ತೀದು ಎಡಗಣ್ರಿ” ಎಂದಳು ನೀಲವ್ವ, ಯಾರಿಗೂ ನೋವಾಗಬಾರದೆಂಬಷ್ಟು ಮೆಲ್ಲಗೆ.

ನರ್ಸಮ್ಮನನ್ನು ಕರೆದೆವು. ಆಕೆ ಓಡಿಬಂದು, ಪತ್ರ ನೋಡಿ, ಒಳಗೆ ಹೋಗಿ ವೈದ್ಯರನ್ನೇ ಕರೆತಂದಳು. ಅವರು ಅತ್ತೆಯ ಎರಡೂ ಕಣ್ಣನ್ನು ಮತ್ತೆ ಪರೀಕ್ಷಿಸಿ, ಎಡಗಣ್ಣು ಎಂದು ತಿದ್ದಿ, ಹಣೆಯ ಮೇಲೆ ಆ ಬದಿಗೆ ಗುರುತು ಮಾಡಿದರು. ಒಳಗೆ ಕರೆದೊಯ್ಯುವ ಮೊದಲು ಇನ್ನೊಮ್ಮೆ ತಪಾಸಣೆ ಇದ್ದೇ ಇರುತ್ತದೆ, ಅಲ್ಲಿ ತಪ್ಪು ಸಿಗುತ್ತಿತ್ತು ಎಂದು ಸಮಾಧಾನ ಹೇಳಿದರು. ಆದರೂ ಇಲ್ಲೇ ಸಿಕ್ಕಿದ್ದು ಒಳ್ಳೆಯದಾಯಿತು ಎಂದು ನೀಲವ್ವನಿಗೆ ಕೈಮುಗಿದರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದು, ಮೊದಲ ಮಾತಾಗಿ ಚಹಾ ಕೇಳಿದಾಗ, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಮೂವರೂ ಒಟ್ಟಿಗೇ ಬಿಟ್ಟೆವು. ಆ ಚಹಾದಷ್ಟು ರುಚಿಯಾದ ಚಹಾ ನಾನು ಈಚೆಗೆ ಕುಡಿದಿಲ್ಲ.

ಮನೆಗೆ ಬಂದು ಯಂತ್ರವನ್ನು ಬೈಯಲೆಂದೇ ತೆರೆದೆ. ಬೈಯುವ ಭಾಗ್ಯವೂ ನನಗೆ ದಕ್ಕಲಿಲ್ಲ. ಓದಿನ ಪುಟದ ಮುಂದೆ ಇನ್ನೊಂದು ಪುಟ ಇತ್ತು: ಸೀತಮ್ಮ ಎಲ್ಲಿಗೆ ಹೋಗುತ್ತಿದ್ದಾಳೆ, ಕೈಯಲ್ಲಿ ಏನಿದೆ, ‘ಬುತ್ತಿ’ ಎಂಬ ಪದ ಎಲ್ಲಿದೆ ತೋರಿಸಿ. ಜೊತೆಗೆ, ಕಲಿಯುವವರು ತಮ್ಮ ಆಡುಮಾತಿನಲ್ಲಿ ಓದಿದರೆ ಶಿಕ್ಷಕರೇ ಕೇಳಿ ಅಂಕ ತಿದ್ದತಕ್ಕದ್ದು ಎಂಬ ಸೂಚನೆ. ಗೋಡೆಯ ಚೀಟಿಗಳನ್ನೆಲ್ಲ ಓದುವ ನಾನು ಇದನ್ನು ಓದಿರಲಿಲ್ಲ. ಓದಿ ಅರ್ಥಮಾಡಿಕೊಂಡು ಅದನ್ನು ತನ್ನ ಮಾತಿಗೆ ತಂದು ಹೇಳಿದವಳನ್ನು ತಪ್ಪೆಂದವನು ನಾನು. ಯಂತ್ರ ಬರೀ ಬಣ್ಣ ಬಳಿದಿತ್ತು.

ಮುಂದಿನ ತರಗತಿಗೆ ನೀಲವ್ವ ಬಂದಳು. ಎಲ್ಲರೆದುರು ನನ್ನ ತಪ್ಪನ್ನು ಒಪ್ಪಿಕೊಂಡು, ಆಕೆಯ ಅಂಕ ತಿದ್ದಿ, ಎರಡನೆಯ ಪುಸ್ತಕ ಕೊಟ್ಟೆ. ಆಕೆ ಅದನ್ನು ತೆರೆದು ಅಲ್ಲೇ ಬೆರಳಿಟ್ಟಳು. ಉಳಿದವರಿಗೂ ಎರಡನೆಯ ಪುಟದ ಪ್ರಶ್ನೆಗಳನ್ನು ಕೇಳುತ್ತ ಬಂದೆ. ರೇಣುಕವ್ವನ ಸರದಿ ಬಂದಾಗ, ‘ಬುತ್ತಿ’ ಎಲ್ಲಿದೆ ತೋರಿಸಿ ಎಂದೆ. ಆಕೆ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾಲ್ಕೂ ಸಾಲನ್ನು ಮತ್ತೆ ಪಟಪಟನೆ ಒಪ್ಪಿಸಿದಳು. ಬೆರಳು ಮಾತ್ರ ಎಲ್ಲೂ ಇಳಿಯಲಿಲ್ಲ. ಶಾಲೆಗೆ ಹೋಗುವ ಮಗಳು ಮನೆಯಲ್ಲಿ ಆ ಮೊದಲ ಪುಸ್ತಕವನ್ನು ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಇಡೀ ಪುಸ್ತಕವನ್ನೇ ಬಾಯಿಪಾಠ ಮಾಡಿಕೊಂಡಿದ್ದಳು.

ಆಕೆ ಅತ್ತಾಳೆಂದು ನಾನು ಅಂಜಿದೆ. ರೇಣುಕವ್ವ ಗೋಡೆಗೆ ಒರಗಿ, ತಲೆಯ ಮೇಲಿನ ಹೊರೆ ಇಳಿಸಿದವಳಂತೆ ಒಂದು ದೊಡ್ಡ ಉಸಿರುಬಿಟ್ಟು ನಕ್ಕಳು.

“ಹಗುರಾತು ನೋಡ್ರಿ ಸರ. ಎಂದ ಸಿಕ್ಕ ಬೀಳ್ತೇನೋ ಅಂತ ದಿನಾ ಅಂಜಿಕೊಂಡ ಕುಂದರತಿದ್ದೆ. ಇನ್ನ ಕಲಸ್ರಿ.”

ಅವಳ ಹೆಸರಿನ ಮುಂದಿನ ಪೂರ್ಣಾಂಕವನ್ನು ಅಳಿಸಿದೆ. ಅಂಕ ಕಳೆದುಕೊಂಡು ಇಷ್ಟು ನಿರಾಳವಾಗಿ ನಕ್ಕ ವಿದ್ಯಾರ್ಥಿಯನ್ನು ಮೂವತ್ತು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ನೀಲವ್ವ ತನ್ನ ಪುಸ್ತಕ ಮುಚ್ಚಿಟ್ಟು ಅವಳ ಪಕ್ಕಕ್ಕೆ ಸರಿದು ಕುಳಿತಳು. ರೇಣುಕವ್ವನ ಬೆರಳನ್ನು ಹಿಡಿದು, ಪರದೆಯ ಮೇಲಿನ ‘ಬುತ್ತಿ’ಯ ಮೊದಲ ಅಕ್ಷರದ ಕೆಳಗೆ ಇಟ್ಟಳು.